ಮಂಚದ ಹೊಟ್ಟೆಯಲ್ಲಿ ಏನಿದೆ?

ಕೇಳುಗರೇ, ನಮಸ್ಕಾರ.

ಒಂದು ರಾತ್ರಿ ಹನ್ನೊಂದು ಗಂಟೆಗೆ ನಮ್ಮ ಮನೆಯಲ್ಲಿ ಒಂದು ಕಾಗದ ಬೇಕಾಯಿತು. ನನ್ನ ಹಳೆಯ ಅಂಕಪಟ್ಟಿ. ಬೆಳಗ್ಗೆ ಐದಕ್ಕೆ ನಾನು ಮನೆ ಬಿಡಬೇಕು, ಹೋಗುವಾಗ ಅದು ಕೈಯಲ್ಲಿರಬೇಕು. ಎಲ್ಲಿದೆ ಅಂತ ಹುಡುಕೋ ಕಷ್ಟವೇನೂ ಇರಲಿಲ್ಲ. ಹೊಸದಾಗಿ ಮಾಡಿಸಿದ ಪೆಟ್ಟಿಗೆ ಮಂಚದ ಒಳಗೆ, ತಲೆದಿಂಬಿನ ಕಡೆ, ಎಡಮೂಲೆಯಲ್ಲಿ, ನೀಲಿ ಫೈಲಿನೊಳಗೆ ಭದ್ರವಾಗಿತ್ತು. ಆ ಮಂಚದ ಮೇಲೆ ನಮ್ಮ ಮಾವ ಮಲಗಿದ್ದರು. ದೂರದ ಪ್ರಯಾಣ ಮಾಡಿ ಬಂದವರು, ಒಳ್ಳೆ ನಿದ್ದೆ, ಗೊರಕೆ ಹಾಲ್‌ವರೆಗೂ ಕೇಳಿಸುತ್ತಿತ್ತು.

ನಾನು ಮತ್ತು ನನ್ನ ಹೆಂಡತಿ ಬಾಗಿಲ ಹತ್ತಿರ ನಿಂತು ಎಬ್ಬಿಸೋದಾ ಬೇಡವಾ ಅಂತ ಪಿಸುಗುಟ್ಟಿಕೊಂಡೆವು. ಧೈರ್ಯ ಬರಲಿಲ್ಲ. ಕೊನೆಗೆ ನಾಲ್ಕೂವರೆಗೆ ಎಬ್ಬಿಸಿದೆವು. ಪಾಪ, ದಿಂಬನ್ನು ತೊಡೆ ಮೇಲೆ ಇಟ್ಟುಕೊಂಡು ಕುರ್ಚಿಯಲ್ಲಿ ಕೂತರು. ನಾವು ಹೊದಿಕೆ ತೆಗೆದು, ಹಾಸಿಗೆ ಮಡಚಿ, ಹಲಗೆ ಎತ್ತಿ, ಮೇಲಿದ್ದ ಎರಡು ರಜಾಯಿ, ಒಂದು ಹಳೇ ಫ್ಯಾನು, ಯಾರದ್ದೋ ಮದುವೆಯಲ್ಲಿ ಕೊಟ್ಟ ಡಬ್ಬಗಳು ಎಲ್ಲವನ್ನೂ ಹೊರಗೆ ಹಾಕಿ ಫೈಲು ತೆಗೆದೆವು. ಅವರು ಸುಮ್ನೆ ನೋಡುತ್ತಿದ್ದರು. ಆಮೇಲೆ ಕೇಳಿದರು, "ಇಷ್ಟೆಲ್ಲದರ ಮೇಲೆ ಮಲಗಿದ್ನೇನಪ್ಪಾ ನಾನು?"

ಇವತ್ತು ಮಾತಾಡೋಕೆ ಬಂದಿರುವುದು ಇಂಥ ಫರ್ನಿಚರ್ ಬಗ್ಗೆ. ಪೀಠೋಪಕರಣ ಅನ್ನೋ ಪದ ನನ್ನ ಬಾಯಿಗೆ ಸ್ವಲ್ಪ ದೊಡ್ಡದು, ಹಾಗಾಗಿ ಫರ್ನಿಚರ್ ಅಂತಲೇ ಅನ್ನುತ್ತೇನೆ. ಹೊಟ್ಟೆಯೊಳಗೆ ಸಾಮಾನು ಇಟ್ಟುಕೊಳ್ಳುವ ಮಂಚ, ಸೀಟು ಎತ್ತಿದರೆ ಪೆಟ್ಟಿಗೆಯಾಗುವ ಬೆಂಚು, ಮೆಟ್ಟಿಲಿನ ಒಳಗಿನ ಡ್ರಾಯರು, ಕನ್ನಡಿ ಸರಿಸಿದರೆ ಕಾಣುವ ಕಪಾಟು, ಕಾಲಿಡೋ ಸ್ಟೂಲಿನ ಒಳಗೆ ಒಂದು ಡಬ್ಬ. ಮನೆ ಚಿಕ್ಕದಾದಷ್ಟೂ ಇವುಗಳ ಮೇಲೆ ಆಸೆ ಜಾಸ್ತಿ.

ಇಂಥದ್ದನ್ನು ಕೊಳ್ಳೋಕೆ ಹೋದಾಗ ನಾವೆಲ್ಲ ಕೇಳುವ ಮೊದಲ ಪ್ರಶ್ನೆ, ಒಳಗೆ ಎಷ್ಟು ಹಿಡಿಯುತ್ತೆ ಅಂತ. ಲೆಕ್ಕ ಹಾಕಿ ನೋಡಿದರೆ ನಿಜಕ್ಕೂ ಕಣ್ಣು ಅರಳುತ್ತೆ. 6 ಅಡಿ ಉದ್ದ, 5 ಅಡಿ ಅಗಲದ ಮಂಚ, ಒಳಗೆ 1 ಅಡಿ ಆಳ ಅಂದುಕೊಳ್ಳಿ. 30 ಘನ ಅಡಿ ಆಯಿತು, ಅಂದರೆ ಸುಮಾರು 850 ಲೀಟರ್. 70 ಲೀಟರಿನ ಒಂದು ಸೂಟ್‌ಕೇಸಿನ ಅಳತೆಯಲ್ಲಿ ಹೇಳುವುದಾದರೆ ಹನ್ನೆರಡು ಸೂಟ್‌ಕೇಸಿನಷ್ಟು ಜಾಗ, ಅದೂ ನೀವು ಹೇಗಿದ್ದರೂ ಮಲಗೋಕೆ ಅಂತ ಬಿಟ್ಟುಕೊಟ್ಟ ನೆಲದ ಮೇಲೆ. ಯಾರಿಗೆ ಬೇಡ ಹೇಳಿ?

ಆದರೆ ನಾನು ಈಗ ಕೇಳುವ ಪ್ರಶ್ನೆ ಬೇರೆ. ಕೈ ಒಳಗಿನ ವಸ್ತುವನ್ನು ಮುಟ್ಟುವ ಮೊದಲು ನಾನು ಎಷ್ಟು ಕೆಲಸ ಮಾಡಬೇಕು? ಬೀರುವಿನ ಬಾಗಿಲು ತೆಗೆದರೆ ಒಂದು ಕೆಲಸ, ಅಷ್ಟೇ. ನಮ್ಮ ಮಂಚಕ್ಕೆ ಹೊದಿಕೆ, ದಿಂಬು, ಹಾಸಿಗೆ, ಹಲಗೆ, ರಜಾಯಿ, ಕೆಲವು ಸಲ ಮಾವ, ಹೀಗೆ ಐದಾರು ಕೆಲಸ. ಒಂದೇ ಕೆಲಸಕ್ಕೆ ಸಿಗುವ ಜಾಗದಲ್ಲಿ ದಿನಾ ಬೇಕಾದ್ದು ಇರಲಿ, ಎರಡು ಮೂರು ಕೆಲಸಕ್ಕೆ ಸಿಗುವಲ್ಲಿ ತಿಂಗಳಿಗೊಮ್ಮೆ ಬೇಕಾದ್ದು, ಐದಾರಕ್ಕೆ ಸಿಗುವಲ್ಲಿ ವರ್ಷಕ್ಕೊಮ್ಮೆ ಬೇಕಾದ್ದು. ಅದಕ್ಕಿಂತ ಜಾಸ್ತಿ ಕೆಲಸ ಬೇಡುವ ಜಾಗಕ್ಕೆ ಏನು ಹಾಕಿದರೂ ಅದನ್ನು ಬಿಸಾಕಿದ ಹಾಗೇ, ಬಿಸಾಕೋಕೆ ಮನಸ್ಸು ಬರದೆ ಮಂಚದ ಕೈಲಿ ಬಿಸಾಕಿಸಿದ್ದು ಅಂತ ಇಟ್ಟುಕೊಳ್ಳಿ.

ಹಾಗಾದರೆ ಡ್ರಾಯರ್ ಇರುವ ಮಂಚ ಒಳ್ಳೆಯದಲ್ವಾ ಅಂತೀರಿ. ಹೌದು, ಎಳೆದರೆ ಬಂತು. ಆದರೆ ಎರಡು ವಿಷಯ ಅಂಗಡಿಯಲ್ಲಿ ಕಾಣುವುದಿಲ್ಲ, ಯಾಕೆಂದರೆ ಅಂಗಡಿಯಲ್ಲಿ ಮಂಚದ ಸುತ್ತ ಬೇಕಾದಷ್ಟು ಬಯಲು ಇರುತ್ತೆ. ಎರಡು ಅಡಿ ಆಳದ ಡ್ರಾಯರ್ ಪೂರ್ತಿ ಹೊರಗೆ ಬರೋಕೆ ಅದರ ಮುಂದೆ ಎರಡು ಅಡಿ ಖಾಲಿ ನೆಲ ಬೇಕು, ಮೇಲೆ ನೀವು ನಿಲ್ಲೋಕೆ ಒಂದಿಷ್ಟು. ಗೋಡೆಗೂ ಮಂಚಕ್ಕೂ ಮಧ್ಯೆ ಒಂದೂವರೆ ಅಡಿ ಇರುವ ಕೋಣೆಯಲ್ಲಿ ಡ್ರಾಯರ್ ಮುಕ್ಕಾಲು ಬಂದು ನಿಲ್ಲುತ್ತೆ, ಹಿಂದಿನ ಕಾಲು ಭಾಗಕ್ಕೆ ಕೈ ತೂರಿಸಿ ತಡಕಾಡಬೇಕು. ಇನ್ನೊಂದು, 5 ಅಡಿ ಅಗಲದ ಮಂಚಕ್ಕೆ ಒಂದೇ ಬದಿಯಿಂದ ಡ್ರಾಯರ್ ಇಟ್ಟರೆ ಆಚೆ ಬದಿಯ ಅರ್ಧದಷ್ಟು ಜಾಗ ಸುಮ್ನೆ ದೂಳು ತಿನ್ನುತ್ತೆ. ಹಾಗಾಗಿ ಕೊಳ್ಳುವ ಮೊದಲು ಮನೆಯ ನೆಲದ ಮೇಲೆ ಹಳೇ ದಿನಪತ್ರಿಕೆ ಹಾಸಿ ನೋಡಿ. ಮಂಚದ ಅಳತೆಗೆ ಒಂದಷ್ಟು ಹಾಳೆ, ತೆಗೆದ ಡ್ರಾಯರಿನ ಅಳತೆಗೆ ಇನ್ನೊಂದಷ್ಟು. ಆಮೇಲೆ ಕೋಣೆಯ ಬಾಗಿಲು ತೆಗೆಯೋಕೆ ಆಗುತ್ತಾ ನೋಡಿ.

ಈಗ ಎಲ್ಲರೂ ಕೇಳೋದು ಹೈಡ್ರಾಲಿಕ್ ಮಂಚ. ಕೈಯಲ್ಲಿ ಸ್ವಲ್ಪ ಎತ್ತಿದರೆ ಹಾಸಿಗೆ ಸಮೇತ ತಾನೇ ಮೇಲೇಳುತ್ತಲ್ಲ, ಅದು. ಹೆಸರು ಹೈಡ್ರಾಲಿಕ್ ಅಂತ ಬಿದ್ದುಬಿಟ್ಟಿದೆ, ಆದರೆ ಕೆಲಸ ಮಾಡುವುದು ಎಣ್ಣೆಯಲ್ಲ, ಅನಿಲ. ಕಾರಿನ ಡಿಕ್ಕಿಯ ಬಾಗಿಲಿಗೆ ಇರುತ್ತಲ್ಲ, ಅಂಥದ್ದೇ ಕೊಳವೆ. ಒಳಗೆ ಒತ್ತಿ ತುಂಬಿದ ಸಾರಜನಕ, ಜೊತೆಗೆ ಸ್ವಲ್ಪವೇ ಎಣ್ಣೆ. ಆ ಎಣ್ಣೆ ಸೀಲು ಒಣಗದ ಹಾಗೆ ನೋಡಿಕೊಳ್ಳುತ್ತೆ, ಕೊನೆಯಲ್ಲಿ ದಡಕ್ಕನೆ ಹೋಗಿ ಹೊಡೆಯದ ಹಾಗೆ ವೇಗವನ್ನೂ ತಗ್ಗಿಸುತ್ತೆ. ಕೊಳವೆಯ ಮೇಲೆ 800 ಎನ್ ಅಂತಲೋ 1000 ಎನ್ ಅಂತಲೋ ಬರೆದಿರುತ್ತದೆ. ಎನ್ ಅಂದರೆ ನ್ಯೂಟನ್. ಹತ್ತರಿಂದ ಭಾಗಿಸಿದರೆ ಸುಮಾರು ಎಷ್ಟು ಕಿಲೋ ಭಾರವನ್ನು ತಳ್ಳುತ್ತೆ ಅಂತ ಗೊತ್ತಾಗುತ್ತೆ, 800 ಅಂದರೆ 80 ಕಿಲೋ.

ಅಷ್ಟೊಂದು ಯಾಕೆ? 6 ಅಡಿಗೆ 5 ಅಡಿ, 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆಯೊಂದೇ ಹತ್ತಿರ ಹತ್ತಿರ 30 ಕಿಲೋ ಇರುತ್ತೆ. ಅದರ ಮೇಲೆ ಹಾಸಿಗೆ. ಜೊತೆಗೆ ಕೊಳವೆ ಕೂರುವುದು ತಿರುಗಣಿಯ ಹತ್ತಿರ, ಬಾಗಿಲನ್ನು ಹಿಡಿಯ ಕಡೆ ತಳ್ಳದೆ ಕೀಲಿನ ಪಕ್ಕದಲ್ಲಿ ಬೆರಳಿಟ್ಟು ತಳ್ಳಿದ ಹಾಗೆ. ಅದಕ್ಕೇ ಭಾರಕ್ಕಿಂತ ಎಷ್ಟೋ ಜಾಸ್ತಿ ಬಲ ಬೇಕು. ಇದರಿಂದ ಒಂದು ತಮಾಷೆಯೂ ಆಗುತ್ತೆ. ಮಂಚ ಜೋಡಿಸಿದ ದಿನ, ಹಾಸಿಗೆ ಇನ್ನೂ ಬಂದಿಲ್ಲ ಅಂತಿಟ್ಟುಕೊಳ್ಳಿ, ಹಲಗೆ ಮುಚ್ಚಿದರೆ ಕೂರುವುದೇ ಇಲ್ಲ, ಪುಟಕ್ಕನೆ ಮೇಲೇಳುತ್ತೆ. ಕೆಟ್ಟಿಲ್ಲ, ಅದು ಹಾಸಿಗೆಯ ಭಾರಕ್ಕೆ ಕಾಯುತ್ತಿದೆ. ಭಾರದ ಹಾಸಿಗೆ ತೆಗೆದು ಹಗುರದ್ದು ಹಾಕಿದರೂ ಇದೇ ಪಾಡು.

ಆ ಕೊಳವೆ ಒಂದೇ ದಿನ ಕೆಟ್ಟು ಕೂರುವುದು ಕಡಿಮೆ, ನಿಧಾನವಾಗಿ ಸೋಲುತ್ತಾ ಬರುತ್ತೆ. ಮೊದಲು ಒಂದು ಕೈಯಲ್ಲಿ ಎತ್ತುತ್ತಿದ್ದದ್ದು ಎರಡು ಕೈಗೆ ಬರುತ್ತೆ, ಆಮೇಲೆ ಎತ್ತಿದ್ದು ನಿಲ್ಲದೆ ಮೆಲ್ಲಗೆ ಕೆಳಗಿಳಿಯುತ್ತೆ. ಆ ಹಂತಕ್ಕೆ ಬಂದ ಮಂಚದೊಳಗೆ ತಲೆ ಹಾಕಿ ಹುಡುಕಬೇಡಿ, ದಯವಿಟ್ಟು. ಎರಡೂ ಕೊಳವೆಗಳನ್ನು ಒಟ್ಟಿಗೆ ಬದಲಿಸಿ. ಒಂದನ್ನೇ ಬದಲಿಸಿದರೆ ಹಲಗೆ ಓರೆಯಾಗಿ ಏಳುತ್ತೆ, ತಿರುಗಣಿಯ ಸ್ಕ್ರೂಗಳು ಕಿತ್ತು ಬರುತ್ತವೆ. ಪುಡಿಮರ ಒತ್ತಿ ಮಾಡಿದ ಹಲಗೆಯಾದರೆ ಇನ್ನೂ ಬೇಗ, ಯಾಕೆಂದರೆ ಅದರಲ್ಲಿ ಸ್ಕ್ರೂ ಒಮ್ಮೆ ಸಡಿಲವಾಯಿತೆಂದರೆ ಅದೇ ತೂತಿನಲ್ಲಿ ಮತ್ತೆ ಬಿಗಿಯಾಗಿ ಕೂರುವುದು ಕಷ್ಟ.

ಇದಕ್ಕಿಂತ ಗಂಭೀರವಾದ ಮಾತು ಒಂದಿದೆ. ಮಕ್ಕಳಿಗೆ ಪೆಟ್ಟಿಗೆ ಕಂಡರೆ ಒಳಗೆ ಕೂರಬೇಕು ಅನ್ನಿಸುತ್ತೆ, ಕಣ್ಣಾಮುಚ್ಚಾಲೆಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಅಮೆರಿಕದಲ್ಲಿ ದೇವದಾರು ಮರದ ದೊಡ್ಡ ಪೆಟ್ಟಿಗೆಗಳಿದ್ದವು, ಮುಚ್ಚಳ ಬಿದ್ದ ತಕ್ಷಣ ತಾನೇ ಬೀಗ ಬೀಳುವಂಥವು, ಒಳಗಿನಿಂದ ತೆಗೆಯೋಕೆ ಆಗದಂಥವು. ಗಾಳಿಯೂ ಆಡುತ್ತಿರಲಿಲ್ಲ. ಮಕ್ಕಳು ಒಳಗೆ ಸಿಕ್ಕಿಕೊಂಡು ಉಸಿರುಕಟ್ಟಿ ಸತ್ತರು. 1996ರಲ್ಲಿ ಅಂಥ ಸುಮಾರು 1 ಕೋಟಿ 20 ಲಕ್ಷ ಪೆಟ್ಟಿಗೆಗಳ ಬೀಗ ಬದಲಿಸಿಕೊಳ್ಳಬೇಕು ಅಂತ ಪ್ರಕಟಣೆ ಹೊರಟಿತು. ಆ ಪೆಟ್ಟಿಗೆಗಳಲ್ಲಿ ಹಳೆಯವು 1912ರಷ್ಟು ಹಿಂದಿನವು. ಅಜ್ಜಿಯಿಂದ ಮೊಮ್ಮಗಳ ಮನೆಗೆ ಹೋಗಿರುವ ಪೆಟ್ಟಿಗೆಗೆ ಪ್ರಕಟಣೆ ತಲುಪಿಸೋದು ಹೇಗೆ? ಆಮೇಲೂ ಸಾವುಗಳಾದವು. ಮಕ್ಕಳಿರುವ ಮನೆಯಲ್ಲಿ ಮುಚ್ಚಿದ ಕೂಡಲೇ ತಾನಾಗಿ ಬೀಗ ಬೀಳುವ ಯಾವ ಪೆಟ್ಟಿಗೆಯೂ ಬೇಡ. ಬೀಗ ಕಿತ್ತುಹಾಕಿಸಿ. ಹಿಂದಿನ ಹಲಗೆಗೆ ಬೆರಳು ಹೋಗುವಷ್ಟು ನಾಲ್ಕಾರು ತೂತು ಹೊಡೆಸಿ.

ಆ ತೂತುಗಳಿಂದ ಬಟ್ಟೆಗೂ ಉಪಕಾರ. ಮಲಗಿದವರ ಮೈಯಿಂದ ರಾತ್ರಿಯಿಡೀ ತೇವ ಹಾಸಿಗೆಗೆ ಇಳಿಯುತ್ತೆ. ಕೆಳಗೆ ಬಿಡಿ ಪಟ್ಟಿಗಳಿದ್ದರೆ ಗಾಳಿಗೆ ಆರುತ್ತೆ, ಇಡೀ ಹಲಗೆಯಿದ್ದರೆ ಅಲ್ಲೇ ಉಳಿಯುತ್ತೆ, ತಿಂಗಳುಗಟ್ಟಲೆ ತೆಗೆಯದ ಮಂಚವನ್ನು ಒಂದು ದಿನ ತೆಗೆದಾಗ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯುತ್ತೆ. ಪೂರ್ತಿ ಒಣಗದ ಬಟ್ಟೆಯನ್ನು ಒಳಗಿಡಬೇಡಿ, ಅಷ್ಟು ಸಾಕು.

ಇಷ್ಟು ಹೊತ್ತು ಹೇಳಿದ್ದು ಜಾಗ ಉಳಿಸುವ ಅಡಗುತಾಣಗಳ ಕತೆ. ಗುಟ್ಟು ಮುಚ್ಚಿಡೋಕೆ ಅಂತಲೇ ಮಾಡಿದ ಖಾನೆಗಳ ಕತೆ ಬೇರೆ, ನನಗೆ ಅದು ಹೆಚ್ಚು ಇಷ್ಟ. ಹದಿನೆಂಟನೇ ಶತಮಾನದಲ್ಲಿ ಜರ್ಮನಿಯ ನಾಯ್‌ವೀಡ್ ಅನ್ನುವ ಊರಿನಲ್ಲಿ ಅಬ್ರಹಾಂ ರೋಂಟ್ಗನ್ ಮತ್ತು ಡೇವಿಡ್ ರೋಂಟ್ಗನ್ ಅಂತ ಅಪ್ಪ ಮಗ ಇದ್ದರು, ಬಡಗಿಗಳು. ಅವರ ಕಾರ್ಖಾನೆಯಲ್ಲಿ 1779ರ ಸುಮಾರಿಗೆ ಆದ ಒಂದು ಬರೆಯುವ ಬೀರು ಈಗ ಬರ್ಲಿನ್ನಿನ ಮ್ಯೂಸಿಯಂನಲ್ಲಿದೆ. ಎತ್ತರವೇ ಮೂರೂವರೆ ಮೀಟರ್. ಒಂದು ಕೀಲಿ ತಿರುಗಿಸಿದರೆ ಬಾಗಿಲು ಬಿಚ್ಚಿಕೊಳ್ಳುತ್ತೆ, ಪುಸ್ತಕ ಇಡುವ ಹಲಗೆ ತಾನೇ ಎದ್ದು ನಿಲ್ಲುತ್ತೆ, ಖಾನೆಯ ಹಿಂದಿನಿಂದ ಖಾನೆ ಹೊರಗೆ ಬರುತ್ತೆ. ಕೊಂಡವರು ಪ್ರಷ್ಯಾದ ರಾಜಮನೆತನದವರು. ಅವರಿಗೆ ಜಾಗದ ಕೊರತೆ ಇದ್ದಿರಲಾರದು ಬಿಡಿ!

ಜಪಾನಿನವರ ಜಾಣತನ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಕೈದಾನ್ ದಾನ್ಸು ಅಂತ ಒಂದಿದೆ, ಮೇಲಿನ ಮಹಡಿಗೆ ಹತ್ತುವ ಮೆಟ್ಟಿಲೇ ಬೀರು. ಒಂದೊಂದು ಮೆಟ್ಟಿಲ ಕೆಳಗೂ ಅದರ ಎತ್ತರಕ್ಕೆ ತಕ್ಕ ಡ್ರಾಯರೋ ಕಪಾಟೋ ಇರುತ್ತೆ. ಗುಟ್ಟೇನಿಲ್ಲ, ಎಲ್ಲಾ ಕಣ್ಣೆದುರೇ. ನನ್ನ ಒಂದೇ ಕೆಲಸದ ಲೆಕ್ಕಕ್ಕೆ ಇದು ಮೊದಲ ಬಹುಮಾನ.

ಗುಟ್ಟಿನ ಖಾನೆ ಹಿಡಿಯೋಕೆ ಒಂದು ಅಳತೆ ಟೇಪು ಸಾಕು. ನಮ್ಮ ತಾತನದ್ದೊಂದು ಬರೆಯುವ ಪೆಟ್ಟಿಗೆ ಇದೆ, ಮುಚ್ಚಳ ತೆಗೆದು ಹಾಸಿದರೆ ಇಳಿಜಾರು ಮೇಜಾಗುವಂಥದ್ದು. ಒಬ್ಬ ಬಡಗಿ ಅದರ ಕೀಲು ಸರಿಮಾಡೋಕೆ ಬಂದವರು, ಹೊರಗಿನ ಎತ್ತರ ಅಳೆದರು, ಆರು ಇಂಚು. ಒಳಗೆ ಟೇಪು ಇಳಿಸಿದರು, ಮೂರೂವರೆ. ತಳದ ಹಲಗೆ ಹೆಚ್ಚೆಂದರೆ ಅರ್ಧ ಇಂಚು. "ಎರಡು ಇಂಚು ಎಲ್ಲಿ ಹೋಯ್ತು ಸಾರ್?" ಅಂದರು. ನನಗೇನು ಗೊತ್ತು! ಐವತ್ತು ವರ್ಷ ಮನೆಯಲ್ಲಿದ್ದ ಪೆಟ್ಟಿಗೆ. ಅವರು ಮಸಿಕುಡಿಕೆ ಇಡುವ ಗುಳಿಯ ಪಕ್ಕದ ತೆಳು ಹಲಗೆಯನ್ನು ಉಗುರಲ್ಲಿ ಮೇಲಕ್ಕೆ ಎಳೆದರು. ಟಕ್ ಅಂತು. ಒಳಗಿನ ಸ್ಪ್ರಿಂಗ್ ಬಿಟ್ಟುಕೊಂಡು ಮುಂದಿನ ಹಲಗೆ ಕಳಚಿ ಬಿತ್ತು, ಹಿಂದೆ ಬೆಂಕಿಪೊಟ್ಟಣದಂಥ ಎರಡು ಪುಟ್ಟ ಡ್ರಾಯರು. ಎಳೆಯೋಕೆ ಹಿಡಿ ಇಲ್ಲ, ಚರ್ಮದ ಚಿಕ್ಕ ನಾಲಿಗೆ ಅಷ್ಟೇ. ಮನೆಮಂದಿಯೆಲ್ಲ ಬಗ್ಗಿದೆವು. ಒಂದರಲ್ಲಿ ತುಕ್ಕು ಹಿಡಿದ ಗುಂಡುಸೂಜಿ ಮೂರು. ಇನ್ನೊಂದು ಖಾಲಿ. ತಾತನಿಗೂ ಗೊತ್ತಿತ್ತೋ ಇಲ್ಲವೋ.

ಅಂದ ಹಾಗೆ, ಒಡವೆ ಗಿಡವೆಗೆ ಇಂಥ ಜಾಗವನ್ನು ನಂಬಬೇಡಿ. ಬಡಗಿಗೆ ಎರಡು ನಿಮಿಷ ಸಾಕಾಯಿತು, ಕಳ್ಳನಿಗೆ ಅಷ್ಟೂ ತಾಳ್ಮೆ ಇರುವುದಿಲ್ಲ, ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗುತ್ತಾನೆ.

ನಮ್ಮ ಮಂಚಕ್ಕೆ ಈಗ ಒಂದು ವ್ಯವಸ್ಥೆ ಬಂದಿದೆ. ಕಾಗದಪತ್ರಗಳೆಲ್ಲ ಬೀರುವಿಗೆ ಹೋದವು. ಒಳಗೆ ರಜಾಯಿ, ಸ್ವೆಟರು, ಖಾಲಿ ಸೂಟ್‌ಕೇಸು ಮಾತ್ರ. ಯಾವ ಮೂಲೆಯಲ್ಲಿ ಏನಿದೆ ಅಂತ ನನ್ನ ಹೆಂಡತಿ ಒಂದು ಭಾನುವಾರ ಪೂರ್ತಿ ಕೂತು, ಸ್ಕೇಲಿಟ್ಟು ಗೆರೆ ಎಳೆದು ಪಟ್ಟಿ ಮಾಡಿದಳು. ಅಂದವಾದ ಪಟ್ಟಿ. ಕಳೆದುಹೋಗದಿರಲಿ ಅಂತ ಪ್ಲಾಸ್ಟಿಕ್ ಕವರಿಗೆ ಹಾಕಿ, ಒಳ್ಳೆ ಜಾಗ ನೋಡಿ ಇಟ್ಟೆವು. ಮೊನ್ನೆ ಮಾವ ಮತ್ತೆ ಬಂದಿದ್ದರು, ಚಳಿ ಅಂದರು, ದಪ್ಪ ರಜಾಯಿ ಯಾವ ಮೂಲೆಯಲ್ಲಿದೆ ಅಂತ ಪಟ್ಟಿ ಹುಡುಕಿದೆವು. ಅವರು ಏನೂ ಮಾತಾಡಲಿಲ್ಲ. ದಿಂಬು ತೆಗೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂತರು.

ನಮಸ್ಕಾರ.