ಕಾರಿಗಿಂತ ಮುಂದೆ ಓಡಿದ ಸುಳ್ಳು

ಮಾನ್ಯ ಕೇಳುಗರೇ, ನಮಸ್ಕಾರ.

2018ರ ಜುಲೈ 13ರಂದು ಹೈದರಾಬಾದಿನ ಕೆಲವು ಗೆಳೆಯರು, ತಮ್ಮಲ್ಲೊಬ್ಬರ ಪರಿಚಯದ ಊರು ನೋಡಲೆಂದು ಕಾರಿನಲ್ಲಿ ಬೀದರ್ ಜಿಲ್ಲೆಯ ಔರಾದ್ ಭಾಗಕ್ಕೆ ಬಂದರು. ದಾರಿಯಲ್ಲಿ ಸಿಕ್ಕ ಶಾಲೆಯ ಮಕ್ಕಳಿಗೆ, ಒಬ್ಬರು ವಿದೇಶದಿಂದ ತಂದಿದ್ದ ಚಾಕೊಲೇಟ್ ಹಂಚಿದರು. ಮಕ್ಕಳ ಕಳ್ಳರು ಊರೂರು ಸುತ್ತುತ್ತಿದ್ದಾರೆಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ವಾರಗಟ್ಟಲೆ ಹರಿದಾಡುತ್ತಿದ್ದ ಕಾಲವದು. ಊರಿನವರು ಅನುಮಾನಪಟ್ಟು ಸುತ್ತುವರಿದರು. ಬಂದವರು ಗಾಬರಿಯಿಂದ ಕಾರು ಹತ್ತಿ ಹೊರಟರು. ಆದರೆ ಅವರ ಕುರಿತ ಸಂದೇಶ ಅವರಿಗಿಂತ ಮೊದಲೇ ಮುಂದಿನ ಊರು ಮುಟ್ಟಿತ್ತು. ಮುರ್ಕಿ ಗ್ರಾಮದಲ್ಲಿ ಜನ ರಸ್ತೆಗೆ ಮರ ಅಡ್ಡ ಹಾಕಿದ್ದರು. ಕಾರು ಉರುಳಿತು. ಗುಂಪಿನ ಹೊಡೆತಕ್ಕೆ ಸಿಕ್ಕು ಯುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಅವರನ್ನು ಬಿಡಿಸಿಕೊಳ್ಳಲು ಹೋದ ಪೊಲೀಸರೂ ಗಾಯಗೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯ ಬಳಿ, ಕೆಲಸ ಅರಸಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಇದೇ ಅನುಮಾನದ ಮೇಲೆ ಜನ ಹೊಡೆದು ಕೊಂದಿದ್ದರು.

ಆ ದಿನಗಳಲ್ಲಿ ಹೆಚ್ಚು ಹರಡಿದ ಒಂದು ವಿಡಿಯೊದಲ್ಲಿ, ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರ ಮೂಡಿಸಲೆಂದೇ ತಯಾರಾದ ಚಿತ್ರ. ಮೂಲದಲ್ಲಿ ಬೈಕು ತಿರುಗಿ ಬರುತ್ತದೆ, ಮಗು ಕ್ಷೇಮವಾಗಿ ಕೆಳಗಿಳಿಯುತ್ತದೆ, ಸವಾರ ಎಚ್ಚರಿಕೆಯ ಫಲಕವೊಂದನ್ನು ತೋರಿಸುತ್ತಾನೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಮಕ್ಕಳನ್ನು ಕಾಪಾಡಲು ಮಾಡಿದ ಚಿತ್ರ, ಕೆಲವು ಕ್ಷಣಗಳ ಕತ್ತರಿಯಿಂದ, ಮಕ್ಕಳಿಗೆ ತಿಂಡಿ ಕೊಟ್ಟವರನ್ನು ಕೊಲ್ಲಿಸುವ ಕಾಲಕ್ಕೆ ದಾರಿ ಮಾಡಿತು.

ಇಂಥ ಸುಳ್ಳನ್ನು ಜನ ನಂಬಿದ್ದಕ್ಕೆ ಓದುಬರಹವಿಲ್ಲದಿರುವುದೇ ಕಾರಣವೆಂದು ಹೇಳಿಬಿಡುವುದು ಸುಲಭ, ಆದರೆ ಅದು ಸರಿಯಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಆ ಸಂದೇಶ ಅಪರಿಚಿತರಿಂದ ಬರುವುದಿಲ್ಲ. ಅಣ್ಣನಿಂದ, ಚಿಕ್ಕಮ್ಮನಿಂದ, ಮಗುವಿನ ಶಾಲೆಯ ಪೋಷಕರ ಗುಂಪಿನಿಂದ ಬರುತ್ತದೆ. ನಾವು ನಂಬುವುದು ಸುದ್ದಿಯನ್ನಲ್ಲ, ಕಳಿಸಿದವರನ್ನು. ಸಂತೆಯಲ್ಲಿ ಆಡಿದ ಸುಳ್ಳಿಗೆ ಅಲ್ಲೇ ನಿಂತವನೊಬ್ಬ ‘ಹಾಗಲ್ಲ’ ಎಂದು ಹೇಳಬಹುದು. ಮುಚ್ಚಿದ ಗುಂಪಿನೊಳಗೆ ಆಡಿದ ಸುಳ್ಳು, ಅದನ್ನು ಅಲ್ಲಗಳೆಯಬಲ್ಲವನ ಕಿವಿಗೆ ಬೀಳುವುದೇ ಇಲ್ಲ.

ಪ್ರಜಾಪ್ರಭುತ್ವಕ್ಕೆ ತಗಲುವ ಪೆಟ್ಟೂ ಇದೇ ಬಗೆಯದು. ಫೇಸ್‌ಬುಕ್ ಬಳಸುವವರ ಮಾಹಿತಿಯನ್ನು ಒಂದು ಆ್ಯಪ್ ಮೂಲಕ ಪಡೆದು ರಾಜಕೀಯ ಪ್ರಚಾರಕ್ಕೆ ಬಳಸಿದ ಬ್ರಿಟನ್ನಿನ ಸಂಸ್ಥೆ ಕೇಂಬ್ರಿಜ್ ಅನಲಿಟಿಕಾ. 2018ರಲ್ಲಿ ಬಯಲಾದ ಆ ಪ್ರಕರಣದಲ್ಲಿ, ಸಂಬಂಧಪಟ್ಟ ಆ್ಯಪನ್ನು ಭಾರತದಲ್ಲಿ ಹಾಕಿಕೊಂಡಿದ್ದವರು 335 ಮಂದಿ ಮಾತ್ರ. ಅವರ ಸ್ನೇಹಿತರ ಪಟ್ಟಿಯ ಮೂಲಕ ಮಾಹಿತಿ ಸೋರಿರಬಹುದಾದವರು ಸುಮಾರು 5.62 ಲಕ್ಷ ಎಂದು ಫೇಸ್‌ಬುಕ್ ಸಂಸ್ಥೆಯೇ ಒಪ್ಪಿಕೊಂಡಿತು. ನನ್ನ ಮಾಹಿತಿಗೆ ನನ್ನ ಗೆಳೆಯ ಒಪ್ಪಿಗೆ ಕೊಟ್ಟಂತಾಯಿತು. ಹೀಗೆ ಸಂಗ್ರಹಿಸಿದ ಒಲವು, ಭಯಗಳನ್ನು ನೋಡಿಕೊಂಡು ಒಬ್ಬೊಬ್ಬ ಮತದಾರನಿಗೂ ಬೇರೆ ಬೇರೆ ಮಾತು ಕಳಿಸಬಹುದಾದರೆ, ಮೈದಾನದ ಭಾಷಣಕ್ಕೆ ಎದುರಾಳಿ ಮರುದಿನ ಉತ್ತರ ಕೊಡುತ್ತಿದ್ದ ನಮ್ಮ ಚುನಾವಣೆಯ ಹಳೆಯ ಶಿಸ್ತು ಉಳಿಯುವುದಾದರೂ ಹೇಗೆ?

ಹಾಗಾದರೆ ಆ ಮುಚ್ಚಿದ ಬಾಗಿಲನ್ನೇ ಒಡೆಯೋಣವೇ? 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳು, ದೊಡ್ಡ ಸಂದೇಶ ಸೇವೆಗಳು ಅಧಿಕೃತ ಆದೇಶ ಬಂದಾಗ ಸಂದೇಶವನ್ನು ಮೊದಲು ಕಳಿಸಿದವರನ್ನು ಗುರುತಿಸಿಕೊಡಬೇಕೆಂದು ವಿಧಿಸಿದವು. ವಾಟ್ಸ್ಆ್ಯಪ್ ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಮುರ್ಕಿಯನ್ನು ನೆನೆದಾಗ ಈ ನಿಯಮದ ಹಿಂದಿನ ಕಳಕಳಿ ನನಗೂ ಅರ್ಥವಾಗುತ್ತದೆ. ಆದರೆ ಯಾವ ಸಂದೇಶ ನಾಳೆ ಅಪರಾಧಕ್ಕೆ ಕಾರಣವಾಗುವುದೆಂದು ಇಂದೇ ತಿಳಿಯದಿರುವುದರಿಂದ, ಎಲ್ಲರ ಎಲ್ಲ ಸಂದೇಶಗಳಿಗೂ ಗುರುತು ಹಾಕಿಡಬೇಕಾಗುತ್ತದೆ. ಆಗ ಲಂಚದ ವಿಷಯ ತಿಳಿಸುವ ಗುಮಾಸ್ತನೂ, ಗಂಡನ ಹಿಂಸೆಯನ್ನು ಗೆಳತಿಗೆ ಹೇಳಿಕೊಳ್ಳುವ ಹೆಣ್ಣುಮಗಳೂ ಆ ಗುರುತಿನೊಳಗೇ ಬರುತ್ತಾರೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ನ್ಯಾಯಾಲಯದ ಮೆಟ್ಟಿಲೇರಿ ಗಳಿಸಿಕೊಟ್ಟ ಹಕ್ಕನ್ನು ನಾವು ಅಷ್ಟು ಹಗುರವಾಗಿ ಬಿಟ್ಟುಕೊಡಬಾರದು.

ಬಾಗಿಲು ಒಡೆಯುವುದಕ್ಕಿಂತ ಓಟವನ್ನು ತಗ್ಗಿಸುವುದು ಮೇಲು. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗಂಟುಮೂಟೆ ಹಿಡಿದು ಕುಳಿತಾಗ, ಸರ್ಕಾರ ಒಟ್ಟಿಗೆ ಕಳಿಸಬಹುದಾದ ಎಸ್ಎಂಎಸ್‌ಗಳನ್ನು ಕೆಲ ದಿನಗಳ ಮಟ್ಟಿಗೆ ಐದಕ್ಕೆ ಮಿತಿಗೊಳಿಸಿತ್ತು. 2018ರಲ್ಲಿ ವಾಟ್ಸ್ಆ್ಯಪ್ ಕೂಡ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವಂತೆ ಮಾಡಿತು. ಬಹಳಷ್ಟು ಕೈ ದಾಟಿ ಬಂದ ಸಂದೇಶವನ್ನು 2020ರ ಏಪ್ರಿಲ್‌ನಿಂದ ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು. ಇದಾದ ಮೇಲೆ ಅಂಥ ಸಂದೇಶಗಳ ಓಡಾಟ ಶೇಕಡಾ 70ರಷ್ಟು ಇಳಿಯಿತೆಂದು ಕಂಪನಿ ತಿಳಿಸಿತು. ಯಾರ ಪತ್ರವನ್ನೂ ಒಡೆದು ಓದದೆ ಆದ ಕೆಲಸವಿದು.

ಕೆಲವು ತಿಂಗಳ ಹಿಂದೆ ನಮ್ಮ ಮನೆಯವರ ಗುಂಪಿಗೆ ದೊಡ್ಡಮ್ಮ ಒಂದು ಧ್ವನಿ ಸಂದೇಶ ಕಳಿಸಿದ್ದರು. ಮತ್ತದೇ ಮಕ್ಕಳ ಕಳ್ಳರ ಸುದ್ದಿ, ಮೇಲೆ ಹಲವು ಕೈ ದಾಟಿ ಬಂದುದಕ್ಕೆ ಗುರುತಾದ ಜೋಡಿ ಬಾಣ. ನಾನು ಗುಂಪಿನಲ್ಲಿ ಏನೂ ಬರೆಯದೆ ಫೋನ್ ಮಾಡಿದೆ. “ನಿಮ್ಮ ಮನೇಲಿ ಚಿಕ್ಕ ಮಕ್ಕಳಿದಾವಲ್ಲಪ್ಪ, ಅದಕ್ಕೆ ಹಾಕಿದೆ” ಎಂದರು. ಮುರ್ಕಿಯ ಕಥೆಯನ್ನು ನಿಧಾನವಾಗಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ “ಆ ಹುಡುಗನ ತಾಯಿ ಇದಾರೇನಪ್ಪ?” ಎಂದು ಕೇಳಿದರು. ಸಂಜೆ ನೋಡಿದರೆ ಆ ಸಂದೇಶವನ್ನು ಅಳಿಸಿದ್ದರು. ಅದನ್ನು ತಮಗೆ ಕಳಿಸಿದ್ದ ಪಕ್ಕದ ಮನೆಯವರಿಗೂ ಹೋಗಿ ವಿಷಯ ತಿಳಿಸಿ ಬಂದಿದ್ದರು.

ನಮಸ್ಕಾರ.