ಅಲಹಾಬಾದಿನಿಂದ ಹೊರಟ ವಿಮಾನ

ನಮಸ್ಕಾರ ಕೇಳುಗರೇ. 1937ರ ಮೇ ತಿಂಗಳು. ಬರ್ಮಾ ಕರಾವಳಿಯ ಆಯೆ ಅನ್ನೋ ಪುಟ್ಟ ದ್ವೀಪದ ಹತ್ತಿರ ಮೀನುಗಾರರಿಗೆ ವಿಮಾನದ ಒಂದು ಚಕ್ರ, ಅದರ ಕಾಲಿನ ಸಮೇತ ಸಿಕ್ಕಿತು. ಮೈಯೆಲ್ಲ ಪಾಚಿ. ಆದರೆ ಟೈರಿನಲ್ಲಿ ಗಾಳಿ ಹಾಗೇ ಇತ್ತು!

ಅದು ಆಸ್ಟ್ರೇಲಿಯಾದ ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್ ಅವರ ವಿಮಾನದ್ದು. 1928ರಲ್ಲಿ ಅಮೆರಿಕದಿಂದ ಆಸ್ಟ್ರೇಲಿಯಾಕ್ಕೆ ಪೆಸಿಫಿಕ್ ಸಾಗರವನ್ನು ಮೊದಲು ಹಾರಿ ದಾಟಿದ ನಾಲ್ವರಲ್ಲಿ ಅವರೇ ಮುಂದಾಳು. ಹವಾಯಿಯಿಂದ ಫಿಜಿಗೆ 34 ಗಂಟೆ ಕೆಳಗೆ ಬರೀ ನೀರು, ಕೊನೆಗೆ ಇಳಿದದ್ದು ಒಂದು ಆಟದ ಮೈದಾನದಲ್ಲಿ.

1935ರ ಮೇ ತಿಂಗಳಲ್ಲಿ ನಡೆದದ್ದನ್ನು ಹೇಳಲೇಬೇಕು. ಸಮುದ್ರದ ಮೇಲೆ ಹೋಗುವಾಗ ಮೂರು ಎಂಜಿನ್‌ಗಳಲ್ಲಿ ಒಂದು ನಿಂತಿತು, ಇನ್ನೊಂದರ ಎಣ್ಣೆ ಖಾಲಿಯಾಗುತ್ತಾ ಬಂತು. ಆಗ ಜೊತೆಗಿದ್ದ ಟೇಲರ್ ಹಾರುತ್ತಿರುವ ವಿಮಾನದಿಂದ ಹೊರಗೆ ತೆವಳಿ, ನಿಂತ ಎಂಜಿನ್ನಿನ ಎಣ್ಣೆಯನ್ನು ಥರ್ಮಾಸ್ ಫ್ಲಾಸ್ಕಿಗೆ ಹಿಡಿದು ತಂದು ಇನ್ನೊಂದಕ್ಕೆ ಸುರಿದರು, ಅದೂ ಒಂದು ಸಲ ಅಲ್ಲ, ಮತ್ತೆ ಮತ್ತೆ. ಅಷ್ಟು ಹೊತ್ತೂ ವಿಮಾನವನ್ನು ಬೀಳದಂತೆ ಹಿಡಿದವರು ಸ್ಮಿತ್. ಎಲ್ಲರೂ ಮನೆ ಸೇರಿದರು.

ಅದೇ ವರ್ಷ ನವೆಂಬರಿನಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಎಲ್ಲರಿಗಿಂತ ಬೇಗ ತಲುಪಬೇಕೆಂದು ಮೆಕ್ಯಾನಿಕ್ ಪೆಥಿಬ್ರಿಜ್ ಜೊತೆ ಹೊರಟರು. ಹಿಂದಿನ ಡಿಸೆಂಬರಿನಲ್ಲಷ್ಟೇ ಪೆಸಿಫಿಕ್ ದಾಟಿದಾಗಿನ ಗೆಳೆಯ ಉಲ್ಮ್ ಹವಾಯಿ ಹತ್ತಿರ ಕಾಣೆಯಾಗಿದ್ದರು. ಮನೆಯಲ್ಲಿ ಮೂರು ತುಂಬದ ಮಗ. ಆದರೂ ಹೊರಟರು. ಯಾಕೆ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ನಮ್ಮ ಅಲಹಾಬಾದಿನಲ್ಲಿ ಇಳಿದು, ಸಿಂಗಾಪುರಕ್ಕೆ ಅಂತ ಮತ್ತೆ ಹಾರಿದರು. ರಾತ್ರಿ ಬಂಗಾಳ ಕೊಲ್ಲಿಯ ಮೇಲೆ ಅವರ ವಿಮಾನ ಹೋದದ್ದನ್ನು ಕಂಡೆ, ಅದರ ಎಂಜಿನ್ನಿನ ಹೊಗೆ ಕೊಳವೆಯಿಂದ ಬೆಂಕಿ ಬರುತ್ತಿತ್ತು ಅಂತ ಮೆಲ್ರೋಸ್ ಎಂಬ ಇನ್ನೊಬ್ಬ ಪೈಲಟ್ ಹೇಳಿದರು. ಕತ್ತಲಲ್ಲಿ ಆಯೆ ದ್ವೀಪದ ಗುಡ್ಡಕ್ಕೇ ತಾಗಿರಬೇಕು ಅನ್ನುವವರೂ ಇದ್ದಾರೆ. ಚಕ್ರ ಸಿಕ್ಕ ಜಾಗ ನೋಡಿದರೆ ಈ ಮಾತೇ ನನಗೆ ಜಾಸ್ತಿ ಸರಿ ಅನ್ನಿಸುತ್ತದೆ. ನವೆಂಬರ್ 8ರ ನಂತರ ಅವರಿಬ್ಬರನ್ನು ಯಾರೂ ನೋಡಲಿಲ್ಲ.

ಆ ಟೈರಿನ ಗಾಳಿಯನ್ನು ಯಾರು ತುಂಬಿದ್ದರೋ. ಇಂಗ್ಲೆಂಡಿನಲ್ಲಿ ಪೆಥಿಬ್ರಿಜ್ ಅವರೇ ತುಂಬಿರಬಹುದು, ಅಲಹಾಬಾದಿನಲ್ಲಿ ನಮ್ಮ ಹುಡುಗನೊಬ್ಬ ಪಂಪು ಒತ್ತಿಯೂ ಇರಬಹುದು, ಅಲ್ವಾ?