ನಂದಿಬೆಟ್ಟದಿಂದ ಎಸೆದ ಕಲ್ಲು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಪುಟ್ಟ ಉಪಗ್ರಹಗಳನ್ನು ಕಕ್ಷೆಗೆ ಒಯ್ಯಲೆಂದು ಹೈದರಾಬಾದಿನ ಸ್ಕೈರೂಟ್ ಕಂಪನಿ ರೂಪಿಸಿದ ವಿಕ್ರಮ್-1 ರಾಕೆಟ್ಟಿನ ಮಾತು ತರಗತಿಯಲ್ಲಿ ಬಂದಾಗ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಮಿಸ್, ಅವರ ಹಿಂದಿನ ರಾಕೆಟ್ 89 ಕಿಲೋಮೀಟರ್ ಏರಿತ್ತಲ್ಲ, ಇನ್ನಷ್ಟು ಇಂಧನ ತುಂಬಿದ್ದರೆ ಕಕ್ಷೆಗೇ ಹೋಗುತ್ತಿರಲಿಲ್ಲವೇ?”

ಅವಳು ಹೇಳಿದ್ದು ವಿಕ್ರಮ್-ಎಸ್ ಬಗ್ಗೆ. 2022ರ ನವೆಂಬರ್ 18ರಂದು ಶ್ರೀಹರಿಕೋಟಾದಿಂದ ಹಾರಿದ ಅದು ನಮ್ಮ ದೇಶದಲ್ಲಿ ಖಾಸಗಿ ಕಂಪನಿಯೊಂದು ಹಾರಿಸಿದ ಮೊದಲ ರಾಕೆಟ್. ಆರು ಮೀಟರ್ ಎತ್ತರ, 545 ಕಿಲೋ ತೂಕ. 89.5 ಕಿಲೋಮೀಟರ್ ಮುಟ್ಟಿ ಸಮುದ್ರಕ್ಕೆ ಬಿತ್ತು.

ನಾನು ಮಕ್ಕಳನ್ನು ಮನಸ್ಸಿನಲ್ಲೇ ನಂದಿಬೆಟ್ಟಕ್ಕೆ ಕರೆದೊಯ್ದೆ. ತುದಿಯಲ್ಲಿ ನಿಂತು ಕಲ್ಲೆಸೆದರೆ ಕೆಳಗಿನ ದ್ರಾಕ್ಷಿ ತೋಟದಲ್ಲಿ ಬೀಳುತ್ತದೆ. ಜೋರಾಗಿ ಎಸೆದರೆ ಇನ್ನೂ ದೂರ. ಎಷ್ಟು ಜೋರಾಗಿ ಎಸೆದರೆ ಅದು ಬೀಳುತ್ತಾ ಹೋದಂತೆ ಭೂಮಿಯೂ ಬಾಗುತ್ತಾ ಹೋಗಿ, ನೆಲವೇ ಸಿಗದೆ ಕಕ್ಷೆಯಲ್ಲಿ ಸುತ್ತುವ ಹಾಗಾಗುತ್ತದೆ? ಗಾಳಿಯ ತಡೆಯಿಲ್ಲದ 500 ಕಿಲೋಮೀಟರ್ ಎತ್ತರದಲ್ಲಿ ಆ ವೇಗ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗೆ ಇಪ್ಪತ್ತು ಸೆಕೆಂಡು! ವಿಕ್ರಮ್-ಎಸ್ ಮುಟ್ಟಿದ್ದು ಶಬ್ದದ ಐದು ಪಟ್ಟು ವೇಗ. ಕಕ್ಷೆಗೆ ಅದರ ನಾಲ್ಕು ಪಟ್ಟಿಗೂ ಹೆಚ್ಚು ಬೇಕು. ವೇಗ ನಾಲ್ಕು ಪಟ್ಟಾದರೆ ಶಕ್ತಿ ಹದಿನಾರು ಪಟ್ಟು. ಎತ್ತರಕ್ಕಿಂತ ಈ ವೇಗವೇ ಕಠಿಣ.

ಆದ್ದರಿಂದಲೇ ವಿಕ್ರಮ್-1ಕ್ಕೆ ನಾಲ್ಕು ಹಂತಗಳು: ಒಂದು ಉರಿದು ಕಳಚಿ ಬಿದ್ದ ಮೇಲೆ, ಹಗುರಾದ ರಾಕೆಟ್ಟನ್ನು ಮುಂದಿನದು ತಳ್ಳುತ್ತದೆ. ಮೂರು ಹಂತಗಳಲ್ಲಿ ಘನ ಇಂಧನ, ಅವಕ್ಕೆ ಕಲಾಂ ಅವರ ಹೆಸರು. ತುದಿಯಲ್ಲಿ ದ್ರವ ಇಂಧನದ ಪುಟ್ಟ ಎಂಜಿನ್ನುಗಳು, ಅವಕ್ಕೆ ನಮ್ಮ ಬೆಂಗಳೂರಿನಲ್ಲೇ ನೆಲೆಸಿದ್ದ ಸಿ.ವಿ. ರಾಮನ್ ಅವರ ಹೆಸರು. ಮೇಖ್ರಿ ವೃತ್ತದ ಬಳಿ ರಾಮನ್ ಸಂಶೋಧನಾ ಸಂಸ್ಥೆಯ ಮರಗಳು ಕಂಡಾಗಲೆಲ್ಲ ಈಗ ನನಗೆ ಆ ಎಂಜಿನ್ನು ನೆನಪಾಗುತ್ತದೆ.

ಮೊದಲ ಹಂತ ಕಲಾಂ-1200. ಒಂದು ಬಿಎಂಟಿಸಿ ಬಸ್ಸಿನಷ್ಟು, ಅಂದರೆ 11 ಮೀಟರ್ ಉದ್ದ, 1.7 ಮೀಟರ್ ಅಗಲ. ಇದರ ಕವಚ ಉಕ್ಕಿನದಲ್ಲ. ಕಾರ್ಬನ್ ನೂಲನ್ನು ಅಂಟಿನಲ್ಲಿ ನೆನೆಸಿ, ಬುಗುರಿಗೆ ಚಾಟಿ ಸುತ್ತಿದಂತೆ ಸುತ್ತಿ, ಬಿಸಿಯಲ್ಲಿ ಗಟ್ಟಿ ಮಾಡಿದ್ದು. ಅದರೊಳಗೆ 30 ಟನ್ ಇಂಧನ. ಘನ ಇಂಧನವೆಂದರೆ ಆಮ್ಲಜನಕ ಕೊಡುವ ಲವಣ, ಅಲ್ಯೂಮಿನಿಯಂ ಪುಡಿ ಮತ್ತು ರಬ್ಬರಿನಂಥ ಅಂಟನ್ನು ಕಲಸಿದ ಹಿಟ್ಟು. ಅದನ್ನು ಎರೆದು ಗಟ್ಟಿಯಾಗಲು ಬಿಡುತ್ತಾರೆ. ಒಳಗೆ ಕೂದಲೆಳೆಯಂಥ ಬಿರುಕು ಉಳಿದರೂ ಬೆಂಕಿ ಅಲ್ಲಿಗೆ ನುಗ್ಗುತ್ತದೆ, ಒತ್ತಡ ಏರುತ್ತದೆ, ಕವಚವೇ ಸಿಡಿಯಬಹುದು. ಒಮ್ಮೆ ಹೊತ್ತಿಸಿದರೆ ಆರಿಸುವಂತಿಲ್ಲ.

2025ರ ಆಗಸ್ಟ್ 8ರ ಬೆಳಿಗ್ಗೆ ಶ್ರೀಹರಿಕೋಟಾದಲ್ಲಿ ಅದನ್ನು ನೆಲಕ್ಕೆ ಬಿಗಿದು ಹೊತ್ತಿಸಿದರು. 110 ಸೆಕೆಂಡು ಉರಿಯಿತು. ಇಂಧನ ಎರೆದದ್ದೂ ಪರೀಕ್ಷೆ ನಡೆದದ್ದೂ ಇಸ್ರೋ ನೆಲೆಯಲ್ಲೇ. 2018ರಲ್ಲಿ ಕಂಪನಿ ಕಟ್ಟಿದ ಪವನ್ ಕುಮಾರ್ ಚಂದನ ಮತ್ತು ನಾಗ ಭರತ್ ಡಾಕಾ ಇಬ್ಬರೂ ಇಸ್ರೋದಲ್ಲಿ ಎಂಜಿನಿಯರುಗಳಾಗಿದ್ದವರು. ಖಾಸಗಿ ಎಂದರೆ ಒಂಟಿ ಎಂದಲ್ಲ.

“ಯಾವಾಗ ಹಾರುತ್ತದೆ?” ಎಂದು ಆಗ ಎಲ್ಲರೂ ಕೇಳುತ್ತಿದ್ದರು. ನನಗೆ ಈ ನೂರಹತ್ತು ಸೆಕೆಂಡುಗಳೇ ದೊಡ್ಡ ಸುದ್ದಿ. ನಮ್ಮೂರಿನ ಪಿಕ್ಸೆಲ್ ಕಂಪನಿ 2025ರ ಜನವರಿಯಲ್ಲಿ ತನ್ನ ಮೂರು ಉಪಗ್ರಹಗಳನ್ನು ಕ್ಯಾಲಿಫೋರ್ನಿಯಾದಿಂದ, ಬೇರೆಯವರ ಉಪಗ್ರಹಗಳ ಜೊತೆ ಒಂದೇ ರಾಕೆಟ್ಟಿನಲ್ಲಿ ಹಾರಿಸಬೇಕಾಯಿತು. ಇಂಥ ಪುಟ್ಟ ಉಪಗ್ರಹಗಳಿಗೆ ಇಲ್ಲಿಂದಲೇ, ಬೇಕಾದ ಕಕ್ಷೆಗೇ ದಾರಿ ಸಿಗಲೆಂದು ನಾನು ಮನಸಾರೆ ಹಾರೈಸುತ್ತೇನೆ.

ಮರುದಿನ ಆ ಹುಡುಗಿ ತಮ್ಮನ ಬುಗುರಿ ತಂದಿದ್ದಳು. ಚಾಟಿಯನ್ನು ಒಮ್ಮೆ ಅಡ್ಡಲಾಗಿ, ಒಮ್ಮೆ ಓರೆಯಾಗಿ ಬಿಗಿಯಾಗಿ ಸುತ್ತಿ ನನ್ನ ಮೇಜಿನ ಮೇಲಿಟ್ಟು ಕೇಳಿದಳು: “ಎಷ್ಟು ಸುತ್ತು ಸುತ್ತಿದರೆ ಸಿಡಿಯುವುದಿಲ್ಲ, ಮಿಸ್?”

ನಮಸ್ಕಾರ.